ವೈಫೈಗೂ ಬೇಕು ಹಾಲ್ ಟಿಕೆಟ್!

ನಿಮ್ಮ ಕಾಲೇಜಿನ ವೈಫೈ ಪಾಸ್‌ವರ್ಡ್ ಎಷ್ಟು ಜನಕ್ಕೆ ಗೊತ್ತು? ಹಾಸ್ಟೆಲ್‌ನವರಿಗೆ ಗೊತ್ತು, ಡೇ ಸ್ಕಾಲರ್‌ಗಳಿಗೆ ಗೊತ್ತು, ಎರಡು ವರ್ಷದ ಹಿಂದೆ ಪಾಸಾಗಿ ಹೋದ ಸೀನಿಯರ್‌ಗಳಿಗೆ ಗೊತ್ತು. ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯವರಿಗೂ ಗೊತ್ತಿದ್ದರೆ ಆಶ್ಚರ್ಯವಿಲ್ಲ. ಲ್ಯಾಬ್‌ನ ಬೋರ್ಡಿನ ಮೂಲೆಯಲ್ಲಿ ಚಾಕ್‌ಪೀಸ್‌ನಲ್ಲಿ ಬರೆದಿಟ್ಟ ಆ ಎಂಟು ಅಕ್ಷರಗಳನ್ನು ಗುಟ್ಟು ಎಂದು ಕರೆಯುವುದಾದರೂ ಹೇಗೆ?

ನಾನು ಬಿಇ ಓದುತ್ತಿದ್ದೇನೆ. ಕಂಪ್ಯೂಟರ್ ನೆಟ್‌ವರ್ಕ್ಸ್ ನಮಗೆ ಒಂದು ವಿಷಯ. ಪರೀಕ್ಷೆಗೆ ಬೇಕಾದಷ್ಟು ಓದಿ ಮುಗಿಸಬಹುದಿತ್ತು. ಆದರೆ ‘ಒಂದು ನೆಟ್‌ವರ್ಕ್ ತನ್ನೊಳಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಹೇಗೆ ನಿರ್ಧರಿಸುತ್ತದೆ’ ಎಂಬ ಪ್ರಶ್ನೆ ಸಿಲಬಸ್ಸಿನಲ್ಲಿ ಒಂದೆರಡು ಪುಟವಾಗಿ ಬಂದು ಹೋದರೂ ನನ್ನನ್ನು ಬಿಡಲಿಲ್ಲ. ಓದುತ್ತಾ ಹೋದಂತೆ ಇದು ಬರೀ ತಂತ್ರಜ್ಞಾನದ ಪ್ರಶ್ನೆಯಲ್ಲ ಎನ್ನಿಸಿತು. ಗೇಟಿನಲ್ಲಿ ನಿಲ್ಲುವ ಕಾವಲುಗಾರನ ನಿಯಮ ಪುಸ್ತಕ ಯಾರ ಕೈಯಲ್ಲಿರಬೇಕು? ಒಂದು ಕಂಪನಿಯ ಕಪಾಟಿನಲ್ಲೋ, ಎಲ್ಲರೂ ಓದಬಹುದಾದ ಜಾಗದಲ್ಲೋ? ನಮ್ಮ ಓದು, ಕೆಲಸ, ಕೊನೆಗೆ ನಮ್ಮ ಫೋನಿನ ಖಾಸಗಿತನ ಎಲ್ಲವೂ ಈ ಪ್ರಶ್ನೆಗೆ ತಗುಲಿಕೊಂಡಿವೆ.

ಪಾಸ್‌ವರ್ಡ್ ಒಂದು, ತಲೆ ಸಾವಿರ

ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟರೆ ಏನು ತೊಂದರೆ? ಮೊದಲನೆಯದು, ಒಬ್ಬರನ್ನು ಮಾತ್ರ ಹೊರಗಿಡಲು ಆಗುವುದಿಲ್ಲ. ಕಾಲೇಜು ಬಿಟ್ಟು ಹೋದ ಒಬ್ಬನಿಗಾಗಿ ಪಾಸ್‌ವರ್ಡ್ ಬದಲಿಸಿದರೆ ಇರುವ ಸಾವಿರ ಜನರೂ ಹೊಸದನ್ನು ಹಾಕಿಕೊಳ್ಳಬೇಕು. ಎರಡನೆಯದು, ಏನಾದರೂ ಅನಾಹುತವಾದಾಗ ಮಾಡಿದ್ದು ಯಾರು ಎಂದು ಹೇಳಲು ಬರುವುದಿಲ್ಲ. ಮೂರನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಇಂದಿಗೂ ಎಲ್ಲೆಡೆ ಇರುವ ಡಬ್ಲ್ಯುಪಿಎ2 ವೈಫೈಯಲ್ಲಿ ಹಂಚಿಕೊಂಡ ಪಾಸ್‌ವರ್ಡ್ ಗೊತ್ತಿರುವವನು, ನಿಮ್ಮ ಫೋನ್ ವೈಫೈ ಸೇರುವ ಕ್ಷಣದ ಸಂಕೇತಗಳನ್ನು ಹಿಡಿದಿಟ್ಟುಕೊಂಡರೆ, ಗಾಳಿಯಲ್ಲಿ ಹೋಗುವ ನಿಮ್ಮ ಡೇಟಾದ ಆ ಪದರದ ಬೀಗವನ್ನು ತೆಗೆಯಬಲ್ಲ. ಬ್ಯಾಂಕ್ ಆ್ಯಪ್‌ನಂಥವು ತಮ್ಮದೇ ಇನ್ನೊಂದು ಬೀಗ ಹಾಕಿಕೊಂಡಿರುವುದರಿಂದ ನಾವು ಬಚಾವ್.

ಕೆಲವು ಕಡೆ ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದಾರೆ. ವರ್ಷದ ಆರಂಭದಲ್ಲಿ ಪ್ರತಿಯೊಬ್ಬರ ಫೋನ್, ಲ್ಯಾಪ್‌ಟಾಪ್‌ನ ಮ್ಯಾಕ್ ವಿಳಾಸವನ್ನು ಒಂದು ಫಾರಂನಲ್ಲಿ ಬರೆಸಿಕೊಳ್ಳುವುದು, ಪಟ್ಟಿಯಲ್ಲಿರುವ ವಿಳಾಸಕ್ಕೆ ಮಾತ್ರ ಒಳಗೆ ಬಿಡುವುದು. ಕೇಳಲು ಭದ್ರವಾಗಿದೆ. ಆದರೆ ಮ್ಯಾಕ್ ವಿಳಾಸ ಎಂದರೆ ಸಾಧನ ತನ್ನ ಬಗ್ಗೆ ತಾನೇ ಕೂಗಿ ಹೇಳುವ ಹೆಸರು. ಅದನ್ನು ಸಾಫ್ಟ್‌ವೇರ್‌ನಲ್ಲೇ ಬದಲಿಸಬಹುದು. ಪಕ್ಕದವನ ಹೆಸರು ಹೇಳಿ ಹಾಜರಿ ಹಾಕಿಸಿದಂತೆ! ಸಾಲದ್ದಕ್ಕೆ, ನಮ್ಮ ಓಡಾಟವನ್ನು ಅಂಗಡಿ ಮುಂಗಟ್ಟುಗಳು ಗುರುತಿಟ್ಟುಕೊಳ್ಳದಿರಲಿ ಎಂದು 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಫೋನ್‌ಗಳೇ ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ವಿಳಾಸ ತೋರಿಸತೊಡಗಿವೆ. ‘ಸರ್, ನಿನ್ನೆ ಕನೆಕ್ಟ್ ಆಗ್ತಿತ್ತು, ಇವತ್ತು ಆಗ್ತಿಲ್ಲ’ ಎಂದು ಸಿಸ್ಟಮ್ ಅಡ್ಮಿನ್ ಕೊಠಡಿಯ ಮುಂದೆ ನಿಲ್ಲುವವರಲ್ಲಿ ಎಷ್ಟೋ ಮಂದಿಯ ಸಮಸ್ಯೆ ಇದೇ.

ಪರೀಕ್ಷಾ ಕೊಠಡಿಯ ಬಾಗಿಲು

ಸರಿಯಾದ ದಾರಿ ಯಾವುದು? ಪರೀಕ್ಷಾ ಕೊಠಡಿಯನ್ನು ನೆನಪಿಸಿಕೊಳ್ಳಿ. ಬಾಗಿಲಲ್ಲಿ ಮೇಲ್ವಿಚಾರಕರು ನಿಂತಿದ್ದಾರೆ. ನೀವು ಹಾಲ್ ಟಿಕೆಟ್ ಹಿಡಿದು ಬರುತ್ತೀರಿ. ನಿಮ್ಮ ಅರ್ಹತೆಯನ್ನು ನಿರ್ಧರಿಸುವುದು ಆ ಮೇಲ್ವಿಚಾರಕರಲ್ಲ. ಯಾರ್ಯಾರು ಬರೆಯಬಹುದು ಎಂಬ ಪಟ್ಟಿ ಪರೀಕ್ಷಾ ವಿಭಾಗದಲ್ಲಿದೆ. ಅನುಮಾನ ಬಂದರೆ ಅಲ್ಲಿಗೆ ಕೇಳುತ್ತಾರೆ. ಅಲ್ಲಿಂದ ‘ಬಿಡಿ’ ಎಂದರೆ ಬಿಡುತ್ತಾರೆ, ‘ಬೇಡ’ ಎಂದರೆ ನೀವು ಕಾರಿಡಾರ್‌ನಲ್ಲಿ.

ಐಇಇಇ ಸಂಸ್ಥೆ 2001ರಲ್ಲಿ ಹೊರತಂದ 802.1ಎಕ್ಸ್ ಎಂಬ ಮಾನದಂಡ ಹೇಳುವುದು ಇದನ್ನೇ. ಇದರಲ್ಲಿ ಮೂರು ಪಾತ್ರಗಳು. ಒಳಗೆ ಬರಲು ಕೇಳುವ ನಿಮ್ಮ ಫೋನ್ ಅಥವಾ ಲ್ಯಾಪ್‌ಟಾಪ್ ಒಂದು. ಬಾಗಿಲಲ್ಲಿ ನಿಂತ ಸ್ವಿಚ್ ಅಥವಾ ವೈಫೈ ಆ್ಯಕ್ಸೆಸ್ ಪಾಯಿಂಟ್ ಎರಡನೆಯದು. ಪಟ್ಟಿ ಇಟ್ಟುಕೊಂಡು ತೀರ್ಮಾನ ಹೇಳುವ ಸರ್ವರ್ ಮೂರನೆಯದು. ನಿಮ್ಮ ಗುರುತು ಖಚಿತವಾಗುವವರೆಗೆ ಆ ಬಾಗಿಲಿನಿಂದ ಗುರುತಿನ ಮಾತುಕತೆ ಬಿಟ್ಟು ಬೇರೇನೂ ದಾಟುವುದಿಲ್ಲ. ಇಂಟರ್ನೆಟ್ ಇರಲಿ, ಪಕ್ಕದ ಪ್ರಿಂಟರ್ ಕೂಡ ಕಾಣಿಸದು. ಒಳಗೆ ಬಿಟ್ಟ ಮೇಲೆ ಪ್ರತಿ ಸಾಧನಕ್ಕೂ ಬೇರೆ ಬೇರೆ ಕೀಲಿ ಸಿಗುತ್ತದೆ. ಹಾಗಾಗಿ ಒಬ್ಬರ ಡೇಟಾವನ್ನು ಇನ್ನೊಬ್ಬರು ಬಿಚ್ಚಿ ನೋಡಲಾಗದು. ವಿದ್ಯಾರ್ಥಿಯಾದರೆ ಒಂದು ವಿಭಾಗಕ್ಕೆ, ಅಕೌಂಟ್ಸ್ ಸಿಬ್ಬಂದಿಯಾದರೆ ಇನ್ನೊಂದು ವಿಭಾಗಕ್ಕೆ ಎಂದು ಬಾಗಿಲಲ್ಲೇ ಬೇರ್ಪಡಿಸಲೂಬಹುದು.

ಈ ಮಾತುಕತೆಗೆ ಎರಡು ಭಾಷೆಗಳು ಬೇಕು. ಫೋನ್ ತನ್ನ ಗುರುತನ್ನು ಹೇಳುವ ಭಾಷೆ ಇಎಪಿ. ಬಾಗಿಲು ಮತ್ತು ಸರ್ವರ್ ಮಾತಾಡಿಕೊಳ್ಳುವ ಭಾಷೆ ರೇಡಿಯಸ್. ಈ ರೇಡಿಯಸ್‌ನ ಕತೆ ಸ್ವಾರಸ್ಯಕರವಾಗಿದೆ. ಟೆಲಿಫೋನ್ ತಂತಿಯ ಮೇಲೆ ಕಿರ್‌ಕಿರ್ ಸದ್ದಿನೊಂದಿಗೆ ಇಂಟರ್ನೆಟ್ ಬರುತ್ತಿದ್ದ ಡಯಲ್‌ಅಪ್ ಕಾಲದಲ್ಲಿ, 1991ರಲ್ಲಿ, ಅಮೆರಿಕದ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಎಂಬ ಕಂಪನಿ ಇದನ್ನು ಹುಟ್ಟುಹಾಕಿತು. ಅದು ತನ್ನ ಬಳಿಯೇ ಗುಟ್ಟಾಗಿ ಉಳಿಯಲಿಲ್ಲ. 1997ರಲ್ಲಿ ಇಂಟರ್ನೆಟ್ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಮೂಲಕ ಯಾರು ಬೇಕಾದರೂ ಓದಬಹುದಾದ ದಾಖಲೆಯಾಗಿ ಪ್ರಕಟವಾಯಿತು. ಇಂಥ ದಾಖಲೆಗಳನ್ನು ಆರ್‌ಎಫ್‌ಸಿ ಎನ್ನುತ್ತಾರೆ. ಲಿವಿಂಗ್‌ಸ್ಟನ್ ಕಂಪನಿ ಎಂದೋ ಮಾಯವಾಯಿತು, ಡಯಲ್‌ಅಪ್ ಮೋಡೆಮ್‌ಗಳು ಗುಜರಿಗೆ ಹೋದವು. ರೇಡಿಯಸ್ ಮಾತ್ರ ಇಂದಿಗೂ ಬ್ಯಾಂಕು, ವಿಶ್ವವಿದ್ಯಾಲಯ, ಬ್ರಾಡ್‌ಬ್ಯಾಂಡ್ ಕಂಪನಿಗಳಲ್ಲಿ ದುಡಿಯುತ್ತಿದೆ. ಹುಟ್ಟಿಸಿದ ಕಂಪನಿ ಹೋದರೂ ಬದುಕುಳಿಯುವುದು ಮುಕ್ತ ಮಾನದಂಡದ ಮೊದಲ ಲಾಭ.

‘ಮುಕ್ತ ಮಾನದಂಡ’ ಎಂದರೆ ದೊಡ್ಡ ಮಾತೇನಲ್ಲ. ಯಾವ ಅಂಗಡಿಯಿಂದ ಯಾವ ಕಂಪನಿಯ ಬಲ್ಬ್ ತಂದರೂ ಮನೆಯ ಹೋಲ್ಡರ್‌ಗೆ ಕೂರುತ್ತದಲ್ಲ, ಹಾಗೆ. ಹೋಲ್ಡರ್‌ನ ಅಳತೆ ಎಲ್ಲರಿಗೂ ಗೊತ್ತಿದೆ. ಅದನ್ನು ಬಳಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಒಂದೇ ಗುರುತು, ನೂರಕ್ಕೂ ಹೆಚ್ಚು ದೇಶ

ಅಳತೆ ಎಲ್ಲರಿಗೂ ಗೊತ್ತಿದ್ದರೆ ಏನೆಲ್ಲ ಸಾಧ್ಯ ಎಂಬುದಕ್ಕೆ ಎಜುರೋಮ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2002ರಲ್ಲಿ ನೆದರ್ಲೆಂಡ್ಸ್‌ನ ಸರ್ಫ್‌ನೆಟ್ ಸಂಸ್ಥೆಯ ಕ್ಲಾಸ್ ವೀರೆಂಗಾ ಅವರು ಒಂದು ಸರಳ ಯೋಚನೆ ಮುಂದಿಟ್ಟರು. ಒಂದು ವಿಶ್ವವಿದ್ಯಾಲಯದವರು ಇನ್ನೊಂದಕ್ಕೆ ಹೋದಾಗ ವೈಫೈಗಾಗಿ ಅಲ್ಲಿ ಹೊಸ ಖಾತೆ ಏಕೆ ಕೇಳಬೇಕು? ತಮ್ಮ ಊರಿನ ಗುರುತಿನಲ್ಲೇ ಒಳಗೆ ಬರುವಂತಾಗಬಾರದೇಕೆ?

ಇದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಲಿಲ್ಲ. 802.1ಎಕ್ಸ್ ಇತ್ತು, ರೇಡಿಯಸ್ ಇತ್ತು. ನಿಮ್ಮ ಬಳಕೆದಾರ ಹೆಸರು ಇಮೇಲ್‌ನಂತೆ ಇರುತ್ತದೆ. ‘ಆ್ಯಟ್’ ಚಿಹ್ನೆಯ ನಂತರದ ಭಾಗ ನಿಮ್ಮ ಸಂಸ್ಥೆಯ ವಿಳಾಸ. ನೀವು ಹೋದ ಕಾಲೇಜಿನ ಸರ್ವರ್ ಆ ಭಾಗವನ್ನು ನೋಡಿ, ‘ಇವರು ನಮ್ಮವರಲ್ಲ’ ಎಂದು ದೇಶದ ಮಟ್ಟದ ಸರ್ವರ್‌ಗೆ ಕಳಿಸುತ್ತದೆ. ಬೇರೆ ದೇಶದವರಾದರೆ ಅದು ಇನ್ನೂ ಮೇಲಿನ ಸರ್ವರ್‌ಗೆ ದಾಟಿಸುತ್ತದೆ. ಕೊನೆಗೆ ಪ್ರಶ್ನೆ ನಿಮ್ಮ ಸ್ವಂತ ಕಾಲೇಜಿನ ಸರ್ವರ್ ತಲುಪಿ, ‘ಹೌದು, ನಮ್ಮ ಹುಡುಗಿಯೇ, ಬಿಡಿ’ ಎಂಬ ಉತ್ತರ ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಕೆಲವು ಸೆಕೆಂಡುಗಳ ಕೆಲಸ. ನಿಮ್ಮ ಫೋನ್ ಮತ್ತು ನಿಮ್ಮ ಕಾಲೇಜಿನ ಸರ್ವರ್ ನಡುವೆ ಗೂಢಲಿಪಿಯ ಸುರಂಗವೊಂದು ತೆರೆದು, ಪಾಸ್‌ವರ್ಡ್ ಅದರೊಳಗೆ ಹೋಗುತ್ತದೆ. ನಡುವಿನ ಯಾರೂ ಅದನ್ನು ನೋಡಲಾರರು. ನೀವು ಅತಿಥಿಯಾಗಿ ಹೋದ ಕಾಲೇಜಿಗೂ ಅದು ತಿಳಿಯುವುದಿಲ್ಲ.

ಇಂದು ಎಜುರೋಮ್ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಭಾರತದಲ್ಲಿ ಇದರ ಹೊಣೆ ಹೊತ್ತಿರುವುದು ಅರ್ನೆಟ್ ಇಂಡಿಯಾ. 1986ರಲ್ಲಿ ದೇಶದ ಶಿಕ್ಷಣ ಸಂಸ್ಥೆಗಳನ್ನು ಜೋಡಿಸಲು ಅರ್ನೆಟ್ ಶುರುವಾದಾಗ ಇದ್ದ ಎಂಟು ಪಾಲುದಾರರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ಎಂಬುದು ನಮಗೆ ಹೆಮ್ಮೆಯ ಸಂಗತಿ. ಎಜುರೋಮ್ ಸೇರಿದ ಕಾಲೇಜುಗಳಲ್ಲಿ ಒಬ್ಬರ ಬಳಿ ಒಂದು ಕಂಪನಿಯ ಸ್ವಿಚ್, ಮತ್ತೊಬ್ಬರ ಬಳಿ ಇನ್ನೊಂದು ಕಂಪನಿಯ ಆ್ಯಕ್ಸೆಸ್ ಪಾಯಿಂಟ್ ಇರಬಹುದು. ಮಾತಾಡುವ ಭಾಷೆ ಒಂದೇ ಆದ್ದರಿಂದ ಕೆಲಸ ನಡೆಯುತ್ತದೆ. ಎಲ್ಲರೂ ಒಂದೇ ಕಂಪನಿಯ ಪೆಟ್ಟಿಗೆ ಕೊಳ್ಳಬೇಕು ಎಂದಿದ್ದರೆ ಈ ಯೋಚನೆ ಅದು ಹುಟ್ಟಿದ ಊರನ್ನೂ ದಾಟುತ್ತಿರಲಿಲ್ಲ.

‘ನೀನು ಯಾರು’ ಸರಿ, ‘ಹೇಗಿದ್ದೀಯ?’

ಇಲ್ಲಿಯವರೆಗೆ ಕೇಳಿದ್ದು ಒಂದೇ ಪ್ರಶ್ನೆ: ನೀನು ಯಾರು? 2003ರಲ್ಲಿ ಜಗತ್ತಿಗೆ ಇನ್ನೊಂದು ಪ್ರಶ್ನೆಯ ಅಗತ್ಯ ತಿಳಿಯಿತು.

ಆ ವರ್ಷದ ಜನವರಿ 25ರಂದು ಸ್ಲ್ಯಾಮರ್ ಎಂಬ ಕಂಪ್ಯೂಟರ್ ಹುಳು ಹೊರಬಿತ್ತು. ಅದರ ಗಾತ್ರ ಬರೀ 376 ಬೈಟ್, ನೀವು ಕಳಿಸುವ ಒಂದು ಉದ್ದನೆಯ ಮೆಸೇಜಿನಷ್ಟು. ತನಗೆ ಸಿಗಬಹುದಾಗಿದ್ದ ಸರ್ವರ್‌ಗಳಲ್ಲಿ ಹೆಚ್ಚಿನವನ್ನು ಅದು ಹತ್ತೇ ನಿಮಿಷದಲ್ಲಿ ಹಿಡಿಯಿತು. ಕನಿಷ್ಠ 75,000 ಯಂತ್ರಗಳು ಸೋಂಕಿಗೆ ಒಳಗಾದವು. ಅಮೆರಿಕದ ಒಹಾಯೊ ರಾಜ್ಯದ ಡೇವಿಸ್-ಬೆಸ್ಸಿ ಅಣು ವಿದ್ಯುತ್ ಸ್ಥಾವರಕ್ಕೂ ಅದು ನುಗ್ಗಿತು. ಸ್ಥಾವರಕ್ಕೆ ಫೈರ್‌ವಾಲ್ ಇರಲಿಲ್ಲವೇ? ಇತ್ತು. ಆದರೆ ಗುತ್ತಿಗೆದಾರ ಕಂಪನಿಯೊಂದರ ನೆಟ್‌ವರ್ಕ್‌ನಿಂದ ಫೈರ್‌ವಾಲ್ ಅನ್ನು ತಪ್ಪಿಸಿ ಒಳಬರುವ ಸಂಪರ್ಕವೂ ಒಂದಿತ್ತು. ಹುಳು ಬಂದದ್ದು ಆ ಹಿತ್ತಿಲ ಬಾಗಿಲಿನಿಂದ. ಸುರಕ್ಷತಾ ಮಾಹಿತಿ ತೋರಿಸುವ ಕಂಪ್ಯೂಟರ್ ವ್ಯವಸ್ಥೆ ಸುಮಾರು ಐದು ತಾಸು ಸ್ತಬ್ಧವಾಯಿತು. ಪುಣ್ಯಕ್ಕೆ ಆಗ ಸ್ಥಾವರ ಬೇರೆ ಕಾರಣಕ್ಕೆ ಮುಚ್ಚಿತ್ತು.

ಅದೇ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಇನ್ನೊಂದು ಹುಳು ಬಂತು. ಮನೆಯಲ್ಲಿ ಸೋಂಕು ಹತ್ತಿಸಿಕೊಂಡ ಲ್ಯಾಪ್‌ಟಾಪ್‌ಗಳನ್ನು ಜನ ಕಚೇರಿಗೆ, ಕಾಲೇಜಿಗೆ ತಂದು ಒಳಗಿನ ತಂತಿಗೇ ಸಿಕ್ಕಿಸಿದರು. ಎರಡೂ ಹುಳುಗಳ ಮದ್ದು ಮೊದಲೇ ಸಿದ್ಧವಿತ್ತು. ಸ್ಲ್ಯಾಮರ್ ತಡೆಯುವ ಅಪ್‌ಡೇಟ್ ಆರು ತಿಂಗಳ ಹಿಂದೆಯೇ ಬಂದಿತ್ತು. ಬ್ಲಾಸ್ಟರ್‌ನದು ಒಂದು ತಿಂಗಳ ಹಿಂದೆ. ಹಾಕಿಕೊಂಡಿರಲಿಲ್ಲ ಅಷ್ಟೇ. ‘ಆಮೇಲೆ ನೆನಪಿಸು’ ಗುಂಡಿ ಒತ್ತುವುದು ನಮ್ಮ ಕಾಲದ ಅಭ್ಯಾಸವೇನೂ ಅಲ್ಲ!

ಲ್ಯಾಪ್‌ಟಾಪ್ ತಂದವನು ಕಳ್ಳನಲ್ಲ, ಸಂಸ್ಥೆಯ ನೌಕರನೇ. ಪಾಸ್‌ವರ್ಡ್ ಸರಿಯಾಗಿದೆ. ಆದರೂ ಅವನ ಯಂತ್ರವನ್ನು ಒಳಗೆ ಬಿಡಬಾರದು. ಹೀಗಾಗಿ ಬಾಗಿಲಲ್ಲಿ ಎರಡನೇ ಪ್ರಶ್ನೆ ಹುಟ್ಟಿತು: ನಿನ್ನ ಯಂತ್ರದ ಆರೋಗ್ಯ ಹೇಗಿದೆ? ಅಪ್‌ಡೇಟ್ ಆಗಿದೆಯೇ, ಆ್ಯಂಟಿವೈರಸ್ ಓಡುತ್ತಿದೆಯೇ, ಫೈರ್‌ವಾಲ್ ಆನ್ ಇದೆಯೇ? ಎಲ್ಲ ಸರಿಯಿದ್ದರೆ ಒಳಗೆ. ಇಲ್ಲದಿದ್ದರೆ ಒಂದು ಪ್ರತ್ಯೇಕ ಕೋಣೆಗೆ. ಅಲ್ಲಿ ಅಪ್‌ಡೇಟ್ ಹಾಕಿಕೊಳ್ಳಲು ಬೇಕಾದಷ್ಟೇ ಇಂಟರ್ನೆಟ್. ಕೋವಿಡ್ ಕಾಲದ ಕ್ವಾರಂಟೈನ್ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂವರು ಕಾವಲುಗಾರರು, ಮೂರು ಭಾಷೆ

ಈ ಎರಡನೇ ಪ್ರಶ್ನೆ ಕೇಳಲು ಪೈಪೋಟಿ ಶುರುವಾಯಿತು. ಸಿಸ್ಕೊ 2003ರ ಕೊನೆಯಲ್ಲಿ ತನ್ನ ಪದ್ಧತಿಯನ್ನು ಘೋಷಿಸಿತು. ಮೈಕ್ರೊಸಾಫ್ಟ್ ಎನ್‌ಎಪಿ ಎಂಬ ತನ್ನದೇ ವ್ಯವಸ್ಥೆ ಕಟ್ಟಿ ವಿಂಡೋಸ್ ಸರ್ವರ್ 2008ರಲ್ಲಿ ಕೊಟ್ಟಿತು. ಹಲವು ಕಂಪನಿಗಳು ಸೇರಿ ಕಟ್ಟಿಕೊಂಡಿದ್ದ ಟ್ರಸ್ಟೆಡ್ ಕಂಪ್ಯೂಟಿಂಗ್ ಗ್ರೂಪ್ 2005ರಲ್ಲಿ ಟಿಎನ್‌ಸಿ ಎಂಬ ಮುಕ್ತ ಮಾನದಂಡದ ಮೊದಲ ದಾಖಲೆಗಳನ್ನು ಹೊರತಂದಿತು. ಒಂದೇ ಬಾಗಿಲಿಗೆ ಮೂವರು ಕಾವಲುಗಾರರು, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದು. ಕಾಲೇಜಿನಂಥ ಜಾಗದಲ್ಲಿ ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲ ಇರುವಾಗ ಯಾವ ಕಾವಲುಗಾರನನ್ನು ನೇಮಿಸಿಕೊಳ್ಳುವುದು?

2007ರ ಮೇ ತಿಂಗಳಲ್ಲಿ ಮೈಕ್ರೊಸಾಫ್ಟ್ ತನ್ನ ಆರೋಗ್ಯ ವರದಿಯ ಭಾಷೆಯನ್ನು ಟಿಎನ್‌ಸಿಗೆ ಕೊಟ್ಟಿತು. ಎರಡರ ನಡುವೆ ಮಾತು ಸಾಧ್ಯವಾಯಿತು. ನಂತರ ಐಇಟಿಎಫ್‌ನಲ್ಲಿ ಸಿಮ್ಯಾಂಟೆಕ್, ಇಂಟೆಲ್, ಸಿಸ್ಕೊ ಮುಂತಾದ ಕಂಪನಿಗಳ ಎಂಜಿನಿಯರ್‌ಗಳು ಒಟ್ಟಿಗೆ ಕೂತು 2008ರಲ್ಲಿ ‘ನಮಗೆಲ್ಲ ಬೇಕಾದದ್ದು ಏನು’ ಎಂಬುದನ್ನು ಆರ್‌ಎಫ್‌ಸಿ 5209ರಲ್ಲಿ ಬರೆದರು. ಟಿಎನ್‌ಸಿಯ ಬುನಾದಿಯ ಮೇಲೆ 2010ರಲ್ಲಿ ಆರ್‌ಎಫ್‌ಸಿ 5792 ಮತ್ತು 5793 ಬಂದವು. ಮಾರುಕಟ್ಟೆಯಲ್ಲಿ ಒಬ್ಬರ ಮೇಲೊಬ್ಬರು ಬೀಳುವ ಕಂಪನಿಗಳು ಒಂದೇ ಮೇಜಿನ ಸುತ್ತ ಕೂರುವುದು ಸಣ್ಣ ವಿಷಯವಲ್ಲ.

ಎನ್‌ಎಪಿ ಏನಾಯಿತು ಎಂಬುದು ನಮ್ಮಂಥವರು ಮುಖ್ಯವಾಗಿ ಗಮನಿಸಬೇಕಾದ ಕತೆ. ವಿಂಡೋಸ್ ಸರ್ವರ್ 2012 ಆರ್2 ಬಂದಾಗ ಮೈಕ್ರೊಸಾಫ್ಟ್ ಅದನ್ನು ‘ಇನ್ನು ಮುಂದುವರಿಸುವುದಿಲ್ಲ’ ಎಂಬ ಪಟ್ಟಿಗೆ ಸೇರಿಸಿತು. ವಿಂಡೋಸ್ 10 ಮತ್ತು ಸರ್ವರ್ 2016ರಲ್ಲಿ ಅದು ಇರಲೇ ಇಲ್ಲ. ಅದನ್ನೇ ನಂಬಿ ಬಾಗಿಲು ಕಟ್ಟಿಸಿಕೊಂಡವರು ಹೊಸ ಬಾಗಿಲು ಹುಡುಕಬೇಕಾಯಿತು. ಅದರ ಮೆನುಗಳನ್ನೇ ಬಾಯಿಪಾಠ ಮಾಡಿ ಪರಿಣತರಾದವರ ಜ್ಞಾನದ ಒಂದು ಭಾಗ ರಾತ್ರೋರಾತ್ರಿ ಹಳತಾಯಿತು. ಎನ್‌ಎಪಿಯ ಕೆಳಗೆ ಬುನಾದಿಯಾಗಿದ್ದ 802.1ಎಕ್ಸ್, ರೇಡಿಯಸ್ ಕಲಿತಿದ್ದವರಿಗೆ ಮಾತ್ರ ಅಷ್ಟು ನಷ್ಟವಾಗಲಿಲ್ಲ.

ಮುಕ್ತವಾದದ್ದೆಲ್ಲ ಗೆದ್ದಿತು ಎಂದರೆ ಅದು ಸುಳ್ಳಾಗುತ್ತದೆ. 802.1ಎಕ್ಸ್ ಹರಡಿದಷ್ಟು ಈ ಆರೋಗ್ಯ ತಪಾಸಣೆಯ ಮಾನದಂಡಗಳು ಹರಡಲಿಲ್ಲ. ಸ್ಟ್ರಾಂಗ್‌ಸ್ವಾನ್‌ನಂಥ ಮುಕ್ತ ತಂತ್ರಾಂಶಗಳು ಇವನ್ನು ಅಳವಡಿಸಿಕೊಂಡವು ನಿಜ. ಆದರೂ ಇವತ್ತಿಗೂ ಎಷ್ಟೋ ಸಂಸ್ಥೆಗಳಲ್ಲಿ ಎರಡನೇ ಪ್ರಶ್ನೆ ಕೇಳುವುದು ಆಯಾ ಕಂಪನಿಯ ಸ್ವಂತ ಆ್ಯಪ್. ಅದು ಏನು ಕೇಳುತ್ತದೆ, ಏನು ಕಳಿಸುತ್ತದೆ ಎಂಬುದು ಹೊರಗಿನವರಿಗೆ ಕಾಣದು.

ನನ್ನ ಫೋನಿನೊಳಗೆ ಎಷ್ಟು ಇಣುಕಬಹುದು?

ನಮಗೆ ಬಿಸಿ ತಟ್ಟುವುದು ಇಲ್ಲೇ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಅದರ ತಪಾಸಣೆ ಕಂಪನಿಯ ಹಕ್ಕು. ಆದರೆ ಇಂಟರ್ನ್‌ಶಿಪ್‌ಗೆ ಹೋದಾಗ, ಆನ್‌ಲೈನ್ ಪರೀಕ್ಷೆ ಬರೆಯುವಾಗ, ಕಾಲೇಜಿನ ನೆಟ್‌ವರ್ಕ್ ಸೇರುವಾಗ ನಮ್ಮ ಸ್ವಂತ ಫೋನಿಗೇ ‘ಈ ಆ್ಯಪ್ ಹಾಕಿಕೋ’ ಎನ್ನುತ್ತಾರೆ. ಅಪ್ಪ ಕಂತು ಕಟ್ಟಿ ಕೊಡಿಸಿದ ಫೋನ್. ಅದರಲ್ಲಿ ಮನೆಯವರ ಫೋಟೊ ಇದೆ, ಗೆಳೆಯರ ಮಾತಿದೆ, ಬ್ಯಾಂಕ್ ಖಾತೆ ಇದೆ. ಬಾಗಿಲಲ್ಲಿ ನಿಂತವನು ಬ್ಯಾಗು ತೆರೆದು ತೋರಿಸು ಎನ್ನಬಹುದು. ಆದರೆ ಡೈರಿ ಓದುವುದಕ್ಕೆ ಅವನಿಗೆ ಹಕ್ಕಿದೆಯೇ?

ನಿಯಮ ಪುಸ್ತಕ ಮುಕ್ತವಾಗಿದ್ದರೆ ನಾವೇ ತೆರೆದು ನೋಡಬಹುದು. ನಾನು ಆರ್‌ಎಫ್‌ಸಿ 5792 ತೆರೆದೆ. ಸಾಧನದಿಂದ ಕೇಳಬಹುದಾದ ಸಂಗತಿಗಳ ಪಟ್ಟಿ ಅದರಲ್ಲಿದೆ. ತಂತ್ರಾಂಶದ ಹೆಸರು, ಅದರ ಆವೃತ್ತಿ, ಅದು ಓಡುತ್ತಿದೆಯೇ, ಯಾವ ಪೋರ್ಟ್‌ಗಳಿಗೆ ತಡೆ ಹಾಕಲಾಗಿದೆ, ಇಂಥವು. ಸಾಧನದಲ್ಲಿ ಕಾರ್ಖಾನೆಯ ಪಾಸ್‌ವರ್ಡ್ ಇನ್ನೂ ಹಾಗೇ ಇದೆಯೇ ಎಂಬ ಪ್ರಶ್ನೆಯೂ ಇದೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಸಿಸಿಟಿವಿ ಕ್ಯಾಮೆರಾ, ರೌಟರ್‌ಗಳನ್ನು ಹಿಡಿದದ್ದು ಬದಲಿಸದೆ ಬಿಟ್ಟ ಇಂಥ ಪಾಸ್‌ವರ್ಡ್‌ಗಳಿಂದಲೇ. ಅದಕ್ಕೆ ಆರು ವರ್ಷ ಮೊದಲೇ ಈ ದಾಖಲೆ ಬರೆದವರು ಆ ಪ್ರಶ್ನೆಯನ್ನು ಸೇರಿಸಿದ್ದರು.

ಅದೇ ಪಟ್ಟಿಯಲ್ಲಿ ‘ಸಾಧನದಲ್ಲಿ ಹಾಕಿಕೊಂಡಿರುವ ತಂತ್ರಾಂಶಗಳೆಲ್ಲದರ ಪಟ್ಟಿ’ ಎಂಬುದೂ ಇದೆ. ಇದು ಸ್ವಲ್ಪ ಯೋಚಿಸುವಂಥದ್ದು. ಒಬ್ಬರ ಫೋನಿನಲ್ಲಿರುವ ಆ್ಯಪ್‌ಗಳ ಪಟ್ಟಿ ನೋಡಿದರೆ ಅವರ ಆರೋಗ್ಯ, ಧರ್ಮ, ಸಾಲ, ಹುಡುಕುತ್ತಿರುವ ಬೇರೆ ಕೆಲಸ ಎಲ್ಲವನ್ನೂ ಊಹಿಸಬಹುದು. ಒಂದೊಂದು ಕಂಪನಿ ತನ್ನದೇ ಹೆಚ್ಚುವರಿ ಪ್ರಶ್ನೆ ಸೇರಿಸಲೂ ಮಾನದಂಡದಲ್ಲಿ ಜಾಗವಿದೆ. ಆದ್ದರಿಂದ ಮುಕ್ತ ಎಂದ ಕೂಡಲೇ ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಆದರೆ ವ್ಯತ್ಯಾಸ ಇಲ್ಲಿದೆ: ಇಲ್ಲಿ ಈ ಪ್ರಶ್ನೆ ಇದೆ ಎಂದು ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬ ಹಾಸ್ಟೆಲ್ ಕೋಣೆಯಲ್ಲಿ ಕೂತು, ಒಂದು ರೂಪಾಯಿ ಖರ್ಚಿಲ್ಲದೆ ತಿಳಿದುಕೊಳ್ಳಬಹುದು. ಗುಟ್ಟಿನ ಆ್ಯಪ್‌ನಲ್ಲಿ ಈ ಪ್ರಶ್ನೆ ಇದೆಯೋ ಇಲ್ಲವೋ ಎಂಬುದೇ ತಿಳಿಯದು. ತಿಳಿಯದ ವಿಷಯಕ್ಕೆ ‘ಬೇಡ’ ಎನ್ನುವುದಾದರೂ ಹೇಗೆ?

ಬೀಗದ ನಕ್ಷೆ ಎಲ್ಲರ ಕೈಲಿದ್ದರೆ?

‘ಅಲ್ಲಪ್ಪಾ, ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ಎಲ್ಲರಿಗೂ ಹೇಳಿಬಿಟ್ಟರೆ ಕಳ್ಳನಿಗೂ ಗೊತ್ತಾಗುವುದಿಲ್ಲವೇ?’ ಈ ವಿಷಯ ಹೇಳಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ 2024ರ ಜುಲೈ ನೋಡೋಣ. ಆಗ ಸಂಶೋಧಕರ ತಂಡವೊಂದು ರೇಡಿಯಸ್‌ನಲ್ಲಿ ಒಂದು ದೋಷವನ್ನು ಬಯಲು ಮಾಡಿತು. ಹೆಸರು ಬ್ಲಾಸ್ಟ್‌ರೇಡಿಯಸ್. ಬಾಗಿಲು ಮತ್ತು ಸರ್ವರ್ ನಡುವಿನ ದಾರಿಯಲ್ಲಿ ಕೂತವನು ‘ಬೇಡ’ ಎಂಬ ಉತ್ತರವನ್ನು ‘ಬಿಡಿ’ ಎಂದು ತಿದ್ದಬಹುದಿತ್ತು. ಕಾರಣ, 90ರ ದಶಕದ ಎಂಡಿ5 ಎಂಬ ಹಳೆಯ ಗಣಿತದ ಮುದ್ರೆಯನ್ನು ಅದು ಇನ್ನೂ ನಂಬಿಕೊಂಡಿತ್ತು. ಎಂಡಿ5 ದುರ್ಬಲ ಎಂಬುದು 2004ರಲ್ಲೇ ಸಾಬೀತಾಗಿತ್ತು.

ಅಷ್ಟು ವರ್ಷ ಯಾರೂ ಇದನ್ನು ಸರಿಪಡಿಸಲಿಲ್ಲ ಎಂಬುದು ನಾಚಿಕೆಯ ಸಂಗತಿಯೇ. ಮುಕ್ತವಾಗಿದ್ದರೆ ಸಾಲದು, ಯಾರಾದರೂ ಕೂತು ಓದಲೂ ಬೇಕು. ಆದರೆ ಕಂಡುಹಿಡಿದ ಮೇಲೆ ಏನಾಯಿತು ನೋಡಿ. ದೋಷ ಎಲ್ಲಿದೆ, ಯಾರಿಗೆ ಅಪಾಯ, ಯಾರಿಗಿಲ್ಲ ಎಂಬುದೆಲ್ಲ ಬಹಿರಂಗವಾಯಿತು. ಇಎಪಿ ಬಳಸುವ ವೈಫೈಗಳಲ್ಲಿ ಇನ್ನೊಂದು ಮುದ್ರೆ ಕಡ್ಡಾಯವಾಗಿರುವುದರಿಂದ ಅವು ಸುರಕ್ಷಿತ ಎಂದು ಯಾರು ಬೇಕಾದರೂ ದಾಖಲೆ ನೋಡಿ ಖಚಿತಪಡಿಸಿಕೊಳ್ಳಬಹುದಿತ್ತು. ಬೇರೆ ಬೇರೆ ಕಂಪನಿಗಳು ಒಂದೇ ಸಮಯಕ್ಕೆ ಒಂದೇ ರೀತಿಯ ತಿದ್ದುಪಡಿ ಬಿಡುಗಡೆ ಮಾಡಿದವು. ಗುಟ್ಟಿನ ಬೀಗದಲ್ಲೂ ದೋಷಗಳಿರುತ್ತವೆ. ಅವು ಮೊದಲು ಕಳ್ಳನಿಗೆ ತಿಳಿಯುತ್ತವೆ, ಅಷ್ಟೇ ವ್ಯತ್ಯಾಸ.

ಬೀಗ ಎಷ್ಟೇ ಗಟ್ಟಿಯಿದ್ದರೂ ಹಾಕುವವರು ಸರಿಯಾಗಿ ಹಾಕಬೇಕು. 802.1ಎಕ್ಸ್ ವೈಫೈ ಸೇರುವಾಗ ಫೋನು ಸರ್ಟಿಫಿಕೇಟ್ ಬಗ್ಗೆ ಕೇಳುತ್ತದೆ. ಅಂದರೆ ನೀವು ಪಾಸ್‌ವರ್ಡ್ ಕೊಡುವ ಮೊದಲು, ಎದುರಿಗಿರುವುದು ನಿಜವಾಗಿ ನಿಮ್ಮ ಕಾಲೇಜಿನ ಸರ್ವರ್ ಹೌದೇ ಎಂದು ಪರೀಕ್ಷಿಸುವ ಅವಕಾಶ. ‘ಡೋಂಟ್ ವ್ಯಾಲಿಡೇಟ್ ಆಯ್ಕೆ ಮಾಡಿ’ ಎಂದು ನೋಟಿಸ್ ಅಂಟಿಸಿರುವುದನ್ನು ನಾನೇ ನೋಡಿದ್ದೇನೆ. ಹಾಗೆ ಮಾಡಿದರೆ ಅದೇ ಹೆಸರಿನ ನಕಲಿ ವೈಫೈ ಇಟ್ಟುಕೊಂಡು ಕ್ಯಾಂಟೀನಿನಲ್ಲಿ ಕೂತವನಿಗೂ ನಮ್ಮ ಫೋನ್ ವಿಶ್ವಾಸದಿಂದ ಗುರುತು ಒಪ್ಪಿಸುತ್ತದೆ. 2020ರ ಕೊನೆಯಿಂದ ಆಂಡ್ರಾಯ್ಡ್ ಈ ಆಯ್ಕೆಯನ್ನು ತೆಗೆಯತೊಡಗಿದ್ದು ಇದೇ ಕಾರಣಕ್ಕೆ.

ಕೆಲಸ ಹುಡುಕುವವರಿಗೆ ಇದರಿಂದೇನು?

ಕೋಚಿಂಗ್ ಸೆಂಟರ್‌ಗಳ ಬೋರ್ಡ್ ನೋಡಿ. ಈ ಕಂಪನಿಯ ಸರ್ಟಿಫಿಕೇಟ್, ಆ ಕಂಪನಿಯ ಸರ್ಟಿಫಿಕೇಟ್. ಅವು ಬೇಡ ಎನ್ನುತ್ತಿಲ್ಲ. ಕೆಲಸ ಕೊಡುವವರು ಅವನ್ನು ಕೇಳುತ್ತಾರೆ. ಆದರೆ ಶುಲ್ಕ ಕಟ್ಟಲು ಕೈಯಲ್ಲಿ ಕಾಸಿಲ್ಲ ಎಂದು ಸುಮ್ಮನೆ ಕೂರಬೇಕಾಗಿಲ್ಲ. ಬುನಾದಿ ಉಚಿತವಾಗಿದೆ. ಆರ್‌ಎಫ್‌ಸಿಗಳೆಲ್ಲ ಉಚಿತ. ಐಇಇಇ 802 ಮಾನದಂಡಗಳನ್ನೂ ಪ್ರಕಟವಾದ ಕೆಲವು ತಿಂಗಳ ನಂತರ ಉಚಿತವಾಗಿ ಪಡೆಯಬಹುದು. ರೇಡಿಯಸ್ ಸರ್ವರ್ ಆಗಿ ಫ್ರೀರೇಡಿಯಸ್, ಬಾಗಿಲಾಗಿ ಹೋಸ್ಟ್‌ಎಪಿಡಿ, ಮಾತುಕತೆಯನ್ನು ಕಣ್ಣಾರೆ ನೋಡಲು ವೈರ್‌ಶಾರ್ಕ್, ಇಡೀ ವ್ಯವಸ್ಥೆ ಬೇಕೆಂದರೆ ಪ್ಯಾಕೆಟ್‌ಫೆನ್ಸ್. ಇವೆಲ್ಲ ಮುಕ್ತ ತಂತ್ರಾಂಶಗಳು.

ಒಂದು ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಅದರಲ್ಲಿ ಫ್ರೀರೇಡಿಯಸ್ ಓಡಿಸಿ. ಮನೆಯ ರೌಟರ್‌ನಲ್ಲಿ ‘ಎಂಟರ್‌ಪ್ರೈಸ್’ ಆಯ್ಕೆ ಇದ್ದರೆ ಅದನ್ನು ಆ ಲ್ಯಾಪ್‌ಟಾಪ್‌ನತ್ತ ತಿರುಗಿಸಿ. ಅಕ್ಕನಿಗೊಂದು, ತಮ್ಮನಿಗೊಂದು ಖಾತೆ ಮಾಡಿ. ತಮ್ಮನ ಖಾತೆ ಮಾತ್ರ ಮುಚ್ಚಿ, ಏನಾಗುತ್ತದೆ ನೋಡಿ. ವೈರ್‌ಶಾರ್ಕ್‌ನಲ್ಲಿ ‘ಬಿಡಿ’, ‘ಬೇಡ’ ಎಂಬ ಉತ್ತರಗಳು ಹಾದುಹೋಗುವುದನ್ನು ಹಿಡಿಯಿರಿ. ಇದನ್ನೆಲ್ಲ ನಿಮ್ಮ ಸ್ವಂತ ನೆಟ್‌ವರ್ಕ್‌ನಲ್ಲಿ ಮಾತ್ರ ಮಾಡಿ. ಬೇರೆಯವರ ಬಾಗಿಲು ತಟ್ಟಿ ನೋಡುವುದು ಕಾನೂನಿನ ಪ್ರಕಾರ ಅಪರಾಧ. ಇಷ್ಟು ಮಾಡಿದವರಿಗೆ ಸಂದರ್ಶನದಲ್ಲಿ ಯಾವ ಕಂಪನಿಯ ಪೆಟ್ಟಿಗೆಯ ಹೆಸರು ಹೇಳಿದರೂ ಗಾಬರಿಯಾಗದು. ಪೆಟ್ಟಿಗೆಯ ಬಣ್ಣ ಬೇರೆ, ಒಳಗೆ ಓಡುವ ಮಾತು ಅದೇ.

ಈ ಕೆಲಸಕ್ಕೆ ಬೇಡಿಕೆ ಹುಟ್ಟಿಸುವ ಕಾರಣಗಳೂ ಇವೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಿಡಬೇಕು. ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಸಾವಿರ ಜನ ಒಂದೇ ಪಾಸ್‌ವರ್ಡ್ ಬಳಸುವ ಜಾಗದಲ್ಲಿ ಯಾರು, ಯಾವಾಗ ಎಂದು ಆರು ಗಂಟೆಯಲ್ಲಿ ಹೇಗೆ ಹೇಳುತ್ತಾರೆ? ಇ-ಆಡಳಿತದಲ್ಲಿ ಮುಕ್ತ ಮಾನದಂಡಗಳನ್ನೇ ಬಳಸಬೇಕು ಎಂಬ ನೀತಿಯನ್ನು ಕೇಂದ್ರ ಸರ್ಕಾರ 2010ರಲ್ಲೇ ಪ್ರಕಟಿಸಿದೆ. ಅದನ್ನು ಜಾರಿಗೆ ತರಲು ಆ ಮಾನದಂಡಗಳನ್ನು ಓದಿದ ಕೈಗಳು ಬೇಕು.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಗೆಳೆಯರಿಗೆ ಒಂದು ಮಾತು. ಆರ್‌ಎಫ್‌ಸಿ ಎಂದರೆ ಹೆದರಬೇಡಿ. ಅದರ ಇಂಗ್ಲಿಷ್ ಕಾದಂಬರಿಯ ಇಂಗ್ಲಿಷ್ ಅಲ್ಲ. ‘ಮಾಡಲೇಬೇಕು’, ‘ಮಾಡಿದರೆ ಒಳ್ಳೆಯದು’, ‘ಬೇಕಿದ್ದರೆ ಮಾಡಬಹುದು’ ಎಂಬ ಮೂರು ಮಾತುಗಳಿಗೆ ಅಲ್ಲಿ ಖಚಿತ ಅರ್ಥವಿದೆ. ಆ ಅರ್ಥವನ್ನು ಹೇಳುವುದಕ್ಕೇ 1997ರ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆ ಇದೆ. ನಾಲ್ಕು ಪುಟವೂ ಇಲ್ಲ. ಅಲ್ಲಿಂದಲೇ ಶುರು ಮಾಡಿ. ದಿನಕ್ಕೆ ಎರಡು ಪುಟ ಓದಿ, ಅರ್ಥವಾದದ್ದನ್ನು ಕನ್ನಡದಲ್ಲಿ ನೋಟ್ಸ್ ಬರೆದುಕೊಳ್ಳಿ. ನನ್ನ ನೋಟ್‌ಬುಕ್ ಹಾಗೆಯೇ ತುಂಬಿದೆ.

ಮುಂದಿನ ಬಾರಿ ಕಾಲೇಜೋ, ಕಂಪನಿಯೋ ನಿಮ್ಮ ಫೋನನ್ನು ತನ್ನ ನೆಟ್‌ವರ್ಕ್‌ಗೆ ಸೇರಿಸಿಕೊಳ್ಳುವಾಗ ವಿನಯದಿಂದಲೇ ಮೂರು ಪ್ರಶ್ನೆ ಕೇಳಿ. ನನಗೆ ಪ್ರತ್ಯೇಕ ಗುರುತು ಕೊಡುತ್ತೀರೋ ಅಥವಾ ಎಲ್ಲರಿಗೂ ಒಂದೇ ಪಾಸ್‌ವರ್ಡೋ? ಸರ್ವರ್ ನಿಮ್ಮದೇ ಎಂದು ನನ್ನ ಫೋನ್ ಹೇಗೆ ಖಚಿತಪಡಿಸಿಕೊಳ್ಳಬೇಕು? ನನ್ನ ಫೋನಿನಿಂದ ಏನೇನು ಕೇಳುತ್ತೀರಿ, ಆ ಪಟ್ಟಿ ಎಲ್ಲಿ ಓದಲು ಸಿಗುತ್ತದೆ? ಉತ್ತರ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ, ಆ ಉತ್ತರವನ್ನು ಸಿದ್ಧಪಡಿಸಿಕೊಡುವ ಕೆಲಸವನ್ನೇ ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಆಗಿ ಕೇಳಿ ನೋಡಿ.